ಹಗ್ಗವಿಲ್ಲದ ಹಾರಾಟ

ಕುಂಬಳೆಯ ಅಕ್ಕನ ಮನೆಯಲ್ಲಿ ಬೆಳಿಗ್ಗೆ ಕಣ್ಣು ಬಿಟ್ಟರೆ ಮೂಗಿನ ಎದುರಿಗೇ ಒಂದು ಕಾಲು. ಅಕ್ಕನ ಮಗನದ್ದು. ಹನ್ನೊಂದು ವರ್ಷದ ಹುಡುಗ, ಗಾಳಿಗೆ ಒದೆಯುತ್ತಿದ್ದ. "ಹೆದರಬೇಡಿ ಮಾವ, ಪ್ರಾಕ್ಟೀಸು" ಎಂದ. ಮೊಬೈಲಿನಲ್ಲಿ ಕುಂಗ್ ಫೂ ಸಿನಿಮಾದ ತುಣುಕು ನೋಡಿ ನೋಡಿ ಮನೆಯ ಎರಡು ಹೂಕುಂಡ ಆಗಲೇ ಒಡೆದಿದ್ದ.

ಬೈಯಲು ನನಗೆ ಬಾಯಿಲ್ಲ. ನಾನು ಚಿಕ್ಕವನಿದ್ದಾಗ ಮೈಸೂರಿನ ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಮೂರೇ ಚಿತ್ರ: ಗಣಪತಿ, ರಾಜ್‌ಕುಮಾರ್, ಬ್ರೂಸ್ ಲೀ. ಗುದ್ದಲಿಯ ಕಾವು ಕತ್ತರಿಸಿ, ನಾಯಿಯ ಸರಪಳಿ ಸಿಕ್ಕಿಸಿ ನಾನೇ ಒಂದು ನಂಚಾಕು ಮಾಡಿದ್ದೆ. ಮೂರನೇ ಸುತ್ತಿಗೆ ಅದು ನನ್ನ ಹುಬ್ಬಿಗೇ ಬಡಿಯಿತು. ಗುರುತು ಇನ್ನೂ ಇದೆ. ಬ್ರೂಸ್ ಲೀ 1973ರ ಜುಲೈ 20ರಂದೇ ಹೋಗಿಬಿಟ್ಟಿದ್ದ, ಬರೀ 32 ವರ್ಷಕ್ಕೆ. ಅವನ ಹೆಸರು ಲೋಕಕ್ಕೆಲ್ಲ ಹಬ್ಬಿಸಿದ 'ಎಂಟರ್ ದಿ ಡ್ರ್ಯಾಗನ್' ಬಿಡುಗಡೆಯಾದದ್ದು ಆಮೇಲೆ. ನಮಗೆ ಅದೆಲ್ಲ ಎಲ್ಲಿ ಗೊತ್ತು! ಮುಂದಿನ ಸಿನಿಮಾ ಯಾವಾಗ ಅಂತ ಕಾಯುತ್ತಿದ್ದೆವು.

ಹುಡುಗನ ಅಜ್ಜ ಹಿಂದೆ ಯಕ್ಷಗಾನ ಮೇಳದಲ್ಲಿ ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರ ಮಾಡುತ್ತಿದ್ದವರು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಮೊಮ್ಮಗನ ಮೊಬೈಲಿಗೆ ಕಣ್ಣು ಹಾಯಿಸಿದರು. ಒಬ್ಬ ನೆಲದಿಂದ ಎದ್ದು ಮಾಡಿನ ಮೇಲೆ ಹೋಗಿ ನಿಂತ.

"ಇದು ಹಗ್ಗ ಕಟ್ಟಿ ಎಳ್ದದ್ದು ಮಾರಾಯ" ಎಂದರು.

"ನಿಮಗೆ ಹೇಗೆ ಗೊತ್ತು ಅಜ್ಜ?"

"ಹಾರುವ ಮೊದಲು ಅವನ ಮೊಣಕಾಲು ಬಗ್ಗಲೇ ಇಲ್ಲ ಅಲ್ವಾ? ನಮ್ಮ ಅಭಿಮನ್ಯುವಿಗೆ ಹಗ್ಗ ಯಾರು ಕಟ್ಟುದು?"

ನಿಜ. ಹಾಂಗ್‌ಕಾಂಗ್ ಸಿನಿಮಾಗಳ ಇಂಥ ಹಾರಾಟಕ್ಕೆ ಸಪೂರ ತಂತಿ ಕಟ್ಟುತ್ತಾರೆ. ಈಗ ಅದನ್ನು ಕಂಪ್ಯೂಟರಿನಲ್ಲಿ ಅಳಿಸುವುದೂ ಸುಲಭ. ರಂಗದ ಮೇಲೆ ಧಿಗಿಣ ಹಾಕಿ, ಹಾರಿ ಸುತ್ತಿ ಬದುಕಿದವರ ಕಣ್ಣಿಗೆ ಮಾತ್ರ ಮಣ್ಣೆರಚಲು ಆಗುವುದಿಲ್ಲ. ಎಷ್ಟೆಂದರೂ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು.

ಹಗ್ಗವಿಲ್ಲದ್ದನ್ನು ತೋರಿಸೋಣ ಅಂತ ಹುಡುಗನನ್ನು ನೀಲೇಶ್ವರದ ಕಡೆಯ ಒಂದು ಕಳರಿಗೆ, ಕೇರಳದ ಕಾಳಗದ ವಿದ್ಯೆ ಕಲಿಸುವ ಅಂಕಣಕ್ಕೆ, ಕರೆದುಕೊಂಡು ಹೊರಟೆ. ಆಟಿಯ ಮಳೆ. ಕಾಸರಗೋಡು ದಾಟಿದರೆ ಚಂದ್ರಗಿರಿ ಹೊಳೆ, ಕೆಂಪಗೆ ತುಂಬಿತ್ತು. ಬೇಕಲದ ಕೋಟೆಗೆ ಇಳಿಯೋಣ ಅಂದರೆ ಹುಡುಗ ಒಪ್ಪಲಿಲ್ಲ. ಕಲ್ಲು ಒದೆಯುವುದಿಲ್ಲವಲ್ಲ!

ಕಳರಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಹಳೇ ಲೆಕ್ಕದಲ್ಲಿ ಉದ್ದ 42 ಅಡಿ, ಅಗಲ 21. ಪೂರ್ವದಿಂದ ಒಳಗೆ ಬರಬೇಕು, ಬಲಗಾಲು ಮೊದಲು. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂಜೆಯ ಪೀಠ, ಅದು ಪೂತ್ತರ; ಅದರ ಮುಂದೆ ದೀಪ. ಮಣ್ಣಿಗೂ ಎಣ್ಣೆಯ ವಾಸನೆ. ಕಳರಿ, ನಮ್ಮ ಗರಡಿ: ಕಿವಿಗೆ ಎರಡೂ ಅಣ್ಣತಮ್ಮಂದಿರ ಹಾಗೆ.

ಕಲಿಸುವ ಗುರು, ಅಂದರೆ ಗುರುಕ್ಕಳ್, ಮಾತು ಮಲಯಾಳ. ನಮ್ಮ ಹುಡುಗ ಓದುವುದು ಕನ್ನಡ ಮೀಡಿಯಂ, ಕ್ರಿಕೆಟ್ ಆಡುವುದು ಮಲಯಾಳದಲ್ಲಿ, ಜಗಳ ತುಳುವಿನಲ್ಲಿ. ನನಗೆ ಅವನೇ ದುಭಾಷಿ. ಮೊದಲ ಪ್ರಶ್ನೆಯೂ ಅವನದ್ದೇ: ಉರುಮಿ ಎಲ್ಲಿದೆ? ಸೊಂಟಕ್ಕೆ ಸುತ್ತಿಕೊಳ್ಳುವಷ್ಟು ಬಳುಕುವ ಕತ್ತಿ ಅದು. ಗುರುಕ್ಕಳ್ ನಕ್ಕರು. ಮೊದಲು ಮೈ ಪಳಗಬೇಕು, ಅದು ಮೆಯ್ತಾರಿ. ಆಮೇಲೆ ಕೋಲು. ಕಬ್ಬಿಣ ಕೈಗೆ ಬರುವುದು ಅದಾದ ಮೇಲೆ.

ಅವರು ವಾಯ್ತಾರಿ ಹೇಳತೊಡಗಿದರು. ಅದು ಆಜ್ಞೆಯೋ ಹಾಡೋ ತಿಳಿಯದು. ಆ ರಾಗಕ್ಕೆ ಸರಿಯಾಗಿ ಕೆಂಪು ಕಚ್ಚೆಯ ಹುಡುಗರು ಆನೆಯಾದರು, ಸಿಂಹವಾದರು, ಹಾವಾದರು. ಎಂಟು ಪ್ರಾಣಿಗಳ ವಡಿವು, ಅಂದರೆ ನಿಲುವು. ಒಬ್ಬಳು ಹುಡುಗಿಯ ಕಾಲು ತಲೆಗಿಂತ ಮೇಲೆತ್ತಿದ್ದ ಅಂಗೈಗೆ ಫಟ್ಟನೆ ಬಡಿಯಿತು. ನಾನು ಗಮನಿಸಿದ್ದು ಮಾತ್ರ ಮೊಣಕಾಲು. ಅಜ್ಜ ಹೇಳಿದ್ದು ಸರಿ: ಪ್ರತಿ ಹಾರಾಟವೂ ಒಂದು ಬಗ್ಗುವಿಕೆಯಿಂದಲೇ ಶುರು. ಸಿನಿಮಾದಲ್ಲಿ ಕತ್ತರಿ ಹಾಕುವುದು ಮೊದಲು ಅದಕ್ಕೇ.

ನಮ್ಮ ವೀರನಿಗೂ ಆನೆಯ ವಡಿವಿನಲ್ಲಿ ನಿಲ್ಲುವ ಅವಕಾಶ ಸಿಕ್ಕಿತು. ಅರ್ಧ ನಿಮಿಷಕ್ಕೆ ತೊಡೆ ನಡುಗಿತು. ಹಟಕ್ಕೆ ಬಿದ್ದು ಮತ್ತೆ ನಿಂತ, ಮತ್ತೆ ನಿಂತ. ನನ್ನನ್ನೂ ಕರೆದರು. ಬೆನ್ನುನೋವು ಅಂದೆ.

ವಾಪಸು ರೈಲಿನಲ್ಲಿ ಕೇಳಿದ: "ಚೀನಾದವರು ಕಲಿತದ್ದು ನಮ್ಮಿಂದಲೇ ಅಂತೆ, ಹೌದಾ? ಅಲ್ಲೂ ಹಾವಿನ ಶೈಲಿ ಉಂಟು."

ಭಾರತದಿಂದ ಚೀನಾಕ್ಕೆ ಹೋದನೆನ್ನುವ ಬೌದ್ಧ ಭಿಕ್ಷು ಬೋಧಿಧರ್ಮನ ಕಥೆ ಹುಡುಗನ ಕಿವಿಗೂ ಬಿದ್ದಿತ್ತು. ಬೋಧಿಧರ್ಮನ ಕಾಲ 5-6ನೇ ಶತಮಾನ ಅನ್ನುತ್ತಾರೆ. ಚೀನಾದ ಶಾವೊಲಿನ್ ಮಠದ ಭಿಕ್ಷುಗಳಿಗೆ ಅವನು ಕಸರತ್ತು ಕಲಿಸಿದ ಎಂಬ ಕಥೆಯ ಮೂಲ 1624ರ ಒಂದು ಚೀನೀ ಪುಸ್ತಕ. ನಡುವೆ ಸಾವಿರ ವರ್ಷ! ನಾನಂತೂ ನಂಬುವುದಿಲ್ಲ.

"ಹಾಗಾದ್ರೆ ಹಾವು?"

"ಹಾವು ಎರಡೂ ಕಡೆ ಇತ್ತಲ್ಲ."

ಅವನಿಗೆ ಇನ್ನೊಂದು ವಿಷಯವನ್ನೂ ಹೇಳಿದೆ. ಚೀನೀ ಭಾಷೆಯಲ್ಲಿ ಕುಂಗ್ ಫೂ ಅಂದರೆ ಬರೀ ಹೊಡೆದಾಟ ಅಲ್ಲ, ವರ್ಷಗಟ್ಟಲೆ ಬೆವರು ಸುರಿಸಿ ಕೈಗೂಡಿದ ಯಾವ ವಿದ್ಯೆಗೂ ಆ ಮಾತು ಸಲ್ಲುತ್ತದೆ. ಅವನು ಸ್ವಲ್ಪ ಯೋಚಿಸಿದ. "ಅಮ್ಮನ ನೀರುದೋಸೆಯೂ ಕುಂಗ್ ಫೂವಾ?" ಎಂದವನೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ.

ಮರುದಿನ ಬೆಳಿಗ್ಗೆ ಎದುರಿಗೆ ಕಾಲು ಇರಲಿಲ್ಲ. ಮಾಳಿಗೆಯಿಂದ ಸಣ್ಣ ದನಿ: "ಮಾವ, ಮೆಟ್ಟಿಲು ಇಳಿಯಲಿಕ್ಕೆ ಆಗುದಿಲ್ಲ." ನಾನು ಏಳುವಷ್ಟರಲ್ಲಿ ಅಜ್ಜ ಎಣ್ಣೆಯ ಕುಪ್ಪಿ ಹಿಡಿದು ಮೇಲೆ ಹತ್ತುತ್ತಿದ್ದರು.