ಐಲ್ಯಾಂಡ್ ಮೇಲೆ ಇನ್ನೊಂದು ಸಿಂಕ್ ಬೇಕಾ? ಮೊದಲು ಮುಸುರೆ ಎಲ್ಲಿ ಬೀಳುತ್ತೆ ನೋಡಿ

ಮೈಸೂರಿನಲ್ಲಿ ಮಾಡ್ಯುಲರ್ ಕಿಚನ್ ಕೆಲಸ ನನ್ನದು. ಅಳತೆ ತೆಗೆಯುವುದು, ಡ್ರಾಯಿಂಗ್ ಹಾಕುವುದು, ಪ್ಲಂಬರ್‌ಗೂ ಗ್ರಾನೈಟ್‌ನವರಿಗೂ ಮಾರ್ಕ್ ಮಾಡಿ ಕೊಡುವುದು, ಕೊನೆಗೆ ಎಲ್ಲರ ಪರವಾಗಿ ಮನೆಯವರ ಹತ್ತಿರ ಬೈಸಿಕೊಳ್ಳುವುದು, ಎಲ್ಲ ಇದರೊಳಗೇ ಬರುತ್ತದೆ. ಈಗೀಗ ಬೋಗಾದಿ, ದಟ್ಟಗಳ್ಳಿ, ವಿಜಯನಗರ ನಾಲ್ಕನೇ ಹಂತದ ಕಡೆ 40×60 ಸೈಟಿನಲ್ಲಿ ಮನೆ ಕಟ್ಟುವವರು ಅಡುಗೆಮನೆ ನಡುವೆ ಐಲ್ಯಾಂಡ್ ಕೇಳುತ್ತಾರೆ, ಅಂದರೆ ಗೋಡೆಗೆ ತಾಗದೆ ಸುತ್ತ ಓಡಾಡುವ ಹಾಗೆ ಬಿಡಿಯಾಗಿ ನಿಂತ ಕಟ್ಟೆ. ಕೇಳಲಿ, ಜಾಗ ಇದ್ದರೆ ಒಳ್ಳೆಯದೇ. ಐಲ್ಯಾಂಡ್ ಗಟ್ಟಿಯಾದ ಮೇಲೆ ಮುಂದಿನ ಮಾತು ಬಂದೇ ಬರುತ್ತದೆ: "ಮೇಡಂ, ಇದರ ಮೇಲೂ ಒಂದು ಸಣ್ಣ ಸಿಂಕ್ ಇರಲಿ ಅಲ್ವಾ?"

ನಾನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ಮೊದಲು ಪ್ಲಾನ್ ತಿರುಗಿಸಿ ಯುಟಿಲಿಟಿ, ಅಂದರೆ ಅಡುಗೆಮನೆಗೆ ಅಂಟಿಕೊಂಡು ಪಾತ್ರೆ ತೊಳೆಯುವ ಜಾಗ, ಎಲ್ಲಿದೆ ಅಂತ ನೋಡುತ್ತೇನೆ.

ಯಾಕೆಂದರೆ ಅವರು ನೋಡಿಕೊಂಡು ಬರುವ ಐಲ್ಯಾಂಡ್ ಸಿಂಕ್ ಫೋಟೋಗಳೆಲ್ಲ ಹೆಚ್ಚಾಗಿ ಅಮೆರಿಕದ ಮನೆಗಳದ್ದು. ಅಲ್ಲಿ ಕಿಟಕಿ ಕೆಳಗೆ ದೊಡ್ಡ ಸಿಂಕ್, ಅದರ ಪಕ್ಕ ಡಿಶ್‌ವಾಷರ್. ಹಿಂದುಗಡೆ ಪಾತ್ರೆ ತಿಕ್ಕುವುದಕ್ಕೆ ಅಂತಲೇ ಬೇರೆ ಜಾಗ ಇರುವುದಿಲ್ಲ. ಒಬ್ಬರು ಪಾತ್ರೆ ತೊಳೆಯುವಾಗ ಇನ್ನೊಬ್ಬರು ತರಕಾರಿ ತೊಳೆಯಬೇಕು ಅಂದರೆ ಇನ್ನೊಂದು ಸಿಂಕ್ ಬೇಕಾಗುತ್ತದೆ, ಅದಕ್ಕೆ ಐಲ್ಯಾಂಡ್ ಮೇಲೆ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಯುಟಿಲಿಟಿ ಇದೆ. ಅಲ್ಲೊಂದು ದೊಡ್ಡ ಸಿಂಕ್ ಇದೆ, ಕೆಲಸದವರು ಬಂದು ಪಾತ್ರೆ ತೊಳೆಯುವುದು ಅಲ್ಲೇ. ಅಂದಮೇಲೆ ಅವರಿಗೆ ಎರಡನೆಯದಾಗಿರುವ ಸಿಂಕ್ ನಮಗೆ ಮೂರನೆಯದು. ಇಷ್ಟು ಹೇಳಿದರೆ ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ.

ಸುಮ್ಮನಾಗದ ಉಳಿದರ್ಧ ಜನರ ಜೊತೆ ಟೇಪ್ ಹಿಡಿದು ಮಾತಾಡಬೇಕು. ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಮಂಡ್ಯದ ಒಂದು ಮನೆಯಲ್ಲಿ. ದೊಡ್ಡ ಮನೆ, ಊಟದ ಟೇಬಲ್ಲೂ ಅಡುಗೆಮನೆಯೂ ಒಂದೇ ಹಾಲ್‌ನಲ್ಲಿ. ಸೊಸೆಗೆ ಐಲ್ಯಾಂಡ್ ಮೇಲೆ ಸೊಪ್ಪು, ತರಕಾರಿ ತೊಳೆಯುವುದಕ್ಕೆ ಅಂತಲೇ ಒಂದು ಸಿಂಕ್ ಬೇಕಿತ್ತು. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಅಜ್ಜಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದವರು ಕೇಳಿದರು, "ಏನವ್ವಾ, ಮನೆ ಮಧ್ಯಕ್ಕೆ ಬಚ್ಚಲು ತರ್ತಾ ಇದ್ದೀಯಾ?"

ಬಚ್ಚಲಲ್ಲ ಅಜ್ಜಿ, ಸೊಪ್ಪು ತೊಳೆಯೋಕೆ, ಅಂದೆ.

"ಅಲ್ಲ ಕಣವ್ವ, ಉಂಡ್ಬುಟ್ಟು ಹುಡುಗ್ರು ತಟ್ಟೆ ಎಲ್ಲಿಗಾಕ್ತವೆ ಏಳು ನೋಡಾನ."

ಟೇಪ್ ಹಿಡಿದು ನೋಡಿದೆ. ಊಟದ ಟೇಬಲ್ಲಿನಿಂದ ಐಲ್ಯಾಂಡ್‌ಗೆ ಐದಡಿ. ಗೋಡೆ ಕಡೆಯ ಸಿಂಕ್‌ಗೆ ಹೋಗಬೇಕಾದರೆ ಐಲ್ಯಾಂಡ್ ಸುತ್ತಿಕೊಂಡು ಹೋಗಬೇಕು, ಹನ್ನೆರಡಡಿ ಮೇಲಾಗುತ್ತದೆ. ಯುಟಿಲಿಟಿಗೆ ಬಾಗಿಲು ದಾಟಬೇಕು. ಉಂಡು ಎದ್ದವರು ಎಂಜಲು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಹತ್ತಿರದ ಸಿಂಕ್ ಬಿಟ್ಟು ದೂರದ ಸಿಂಕ್‌ಗೆ ಹೋಗುತ್ತಾರಾ? ಅದೂ ಮಕ್ಕಳು, ಅದೂ ಕ್ರಿಕೆಟ್ ನಡೆಯುವಾಗ? ಊಟದ ಟೇಬಲ್ಲಿಗೆ ಯಾವ ಸಿಂಕ್ ಹತ್ತಿರವೋ ಅದೇ ಮುಸುರೆ ಸಿಂಕ್. ಡ್ರಾಯಿಂಗ್‌ನಲ್ಲಿ ನೀವು ಅದಕ್ಕೆ ಏನು ಹೆಸರು ಬೇಕಾದರೂ ಬರೆದುಕೊಳ್ಳಿ.

ಹೀಗಾದಾಗ ಏನಾಗುತ್ತದೆ ಅಂದರೆ, ಸೊಪ್ಪಿಗೆ ಅಂತ ಹಾಕಿಸಿದ ಹದಿನೆಂಟು ಇಂಚಿನ ಸಣ್ಣ ಸಿಂಕ್‌ನಲ್ಲಿ ರಾತ್ರಿ ಊಟದ ತಟ್ಟೆ, ಲೋಟ, ಸಾರಿನ ಬಟ್ಟಲು ಎಲ್ಲ ಗುಡ್ಡೆ ಬೀಳುತ್ತದೆ. ಮುದ್ದೆ ತಟ್ಟೆ ಒಣಗಿದರೆ ಗೊತ್ತಲ್ಲ, ಪೊರೆ ಕಟ್ಟಿಕೊಂಡು ಕೂತುಬಿಡುತ್ತದೆ, ನೆನೆಹಾಕದೆ ಬಿಡುವುದಿಲ್ಲ. ಓಪನ್ ಕಿಚನ್ ಆದ್ದರಿಂದ ಸೋಫಾ ಮೇಲೆ ಕೂತ ನೆಂಟರಿಗೆ ಟಿವಿಗಿಂತ ಮೊದಲು ಅದೇ ಕಾಣುತ್ತದೆ. ಬೆಳಿಗ್ಗೆ ಸೊಪ್ಪು ತೊಳೆಯಲು ಬಂದವರು ಮೊದಲು ಮುಸುರೆ ಎತ್ತಿ ಯುಟಿಲಿಟಿಗೆ ಸಾಗಿಸಬೇಕು. ಎಂಜಲು, ಮಡಿ ನೋಡುವ ಹಿರಿಯರು ಮನೆಯಲ್ಲಿದ್ದರೆ ಅವರು ಆ ಸಿಂಕ್ ಮುಟ್ಟುವುದೇ ಇಲ್ಲ. ಕೊನೆಗೆ ಸೊಪ್ಪು ಮತ್ತೆ ಹಳೇ ಸಿಂಕ್‌ಗೇ ಬರುತ್ತದೆ.

ಆ ಮನೆಯಲ್ಲಿ ಐಲ್ಯಾಂಡ್ ಮೇಲೆ ಸಿಂಕ್ ಹಾಕಲಿಲ್ಲ. ಬದಲಿಗೆ ಊಟದ ಟೇಬಲ್ ಹತ್ತಿರದ ಕೈತೊಳೆಯುವ ಬೇಸಿನ್ ಪಕ್ಕ ಒಂದೂವರೆ ಅಡಿ ಕಟ್ಟೆ ಉದ್ದ ಮಾಡಿ, ತಟ್ಟೆ ಇಡುವುದಕ್ಕೆ ಸ್ಟೀಲ್ ಟಬ್ ಕೂರುವ ಹಾಗೆ ಜಾಗ ಮಾಡಿಕೊಟ್ಟೆ. ಟಬ್ ತುಂಬಿದರೆ ಎತ್ತಿಕೊಂಡು ಯುಟಿಲಿಟಿಗೆ. ಐಲ್ಯಾಂಡ್ ಪೂರ್ತಿ ಖಾಲಿ ಕಲ್ಲು. ಅವರೆಕಾಯಿ ಕಾಲದಲ್ಲಿ ನಾಲ್ಕು ಜನ ಸುತ್ತ ನಿಂತು ಕಾಳು ಹಿತುಕುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಸೊಸೆಯೇ ಆಮೇಲೆ ಹೇಳಿದರು.

ಹಾಗಂತ ಯಾವ ಮನೆಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಕುವೆಂಪುನಗರದಲ್ಲಿ ಒಬ್ಬರು ಮನೆಯಿಂದಲೇ ಹೋಳಿಗೆ, ಚಕ್ಕುಲಿ ಆರ್ಡರ್ ತೆಗೆದುಕೊಳ್ಳುತ್ತಾರೆ. ಅವರಿಗೆ ಬೇಡಿಕೊಂಡು ಹಾಕಿಸಿದೆ. ಕಣಕ ನಾದುವ ಕೈ ನೋಡಿದ್ದೀರಾ? ಎಣ್ಣೆ, ಅರಿಸಿನ, ಮೈದಾ ಮೂರೂ ಮೊಣಕೈವರೆಗೆ. ಆ ಕೈಯಲ್ಲಿ ಹಿಂದೆ ತಿರುಗಿ, ಒಲೆ ಮುಂದೆ ನಿಂತವರನ್ನು ಸರಿಸಿ, ಗೋಡೆ ಕಡೆಯ ನಲ್ಲಿಗೆ ಹೋಗುವಷ್ಟರಲ್ಲಿ ನೆಲವೆಲ್ಲ ಹಳದಿ. ಅವರಿಗೆ ಸಹಾಯಕ್ಕೆ ಇನ್ನಿಬ್ಬರು ಇರುತ್ತಾರೆ, ಊಟದ ಕೋಣೆ ಬೇರೆ, ಮಧ್ಯೆ ಗೋಡೆ. ಎಂಜಲು ತಟ್ಟೆ ಅಲ್ಲಿಗೆ ಬರುವ ದಾರಿಯೇ ಇಲ್ಲ. ಅಂಥ ಕಡೆ ಆ ಸಣ್ಣ ಸಿಂಕ್ ಬೆಳಿಗ್ಗೆಯಿಂದ ಸಂಜೆವರೆಗೂ ದುಡಿಯುತ್ತದೆ. ದಿನಾ ಇಬ್ಬರು ಒಟ್ಟಿಗೆ ಅಡುಗೆ ಮಾಡುವ ಮನೆ, ಮಾಂಸ ಮೀನು ತೊಳೆಯುವುದಕ್ಕೆ ಬೇರೆ ಸಿಂಕ್ ಬೇಕೇ ಬೇಕು ಅನ್ನುವ ಮನೆ, ಇವೂ ಇವೆ. ಆದರೆ ಮೀನಿಗೆ ಅಂತಾದರೆ ಐಲ್ಯಾಂಡ್‌ಗಿಂತ ಯುಟಿಲಿಟಿಯೇ ವಾಸಿ, ವಾಸನೆ ಹಾಲ್‌ಗೆ ಬರುವುದಿಲ್ಲ.

ಇನ್ನು ಪೈಪ್ ವಿಷಯ. ಎಲ್ಲ ಸರಿ, ಸಿಂಕ್ ಬೇಕೇ ಬೇಕು ಅಂತ ತೀರ್ಮಾನ ಆದಮೇಲೂ ನೆಲ ಒಪ್ಪಬೇಕಲ್ಲ. ನೀರು ತರುವುದು ಕಷ್ಟವಲ್ಲ, ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪನ್ನು ಎಲ್ಲಿ ಬೇಕಾದರೂ ತಿರುಗಿಸಿಕೊಂಡು ಹೋಗಬಹುದು, ಒಳಗೆ ಒತ್ತಡ ಇರುತ್ತದೆ. ಕೊಳೆನೀರಿಗೆ ಇಳಿಜಾರು ಬಿಟ್ಟರೆ ಬೇರೆ ಗತಿ ಇಲ್ಲ. ಎರಡು ಇಂಚಿನ ವೇಸ್ಟ್ ಪೈಪ್‌ಗೆ ಅಡಿಗೆ ಕಾಲು ಇಂಚು ವಾಟ ಕೊಡಬೇಕು. ಐಲ್ಯಾಂಡ್‌ನಿಂದ ಹೊರಗೋಡೆಗೆ 12 ಅಡಿ ಇದೆ ಅಂದುಕೊಳ್ಳಿ. ವಾಟಕ್ಕೇ 3 ಇಂಚು, ಪೈಪ್ ದಪ್ಪ 2 ಇಂಚು, ಒಟ್ಟು 5 ಇಂಚು ಆಳ ಬೇಕು. ಟೈಲ್ಸ್ ಕೆಳಗೆ ಗಾರೆಯ ಬೆಡ್ ಹಾಕುವುದೇ ಎರಡು ಮೂರು ಇಂಚು. ಉಳಿದದ್ದು ಎಲ್ಲಿಂದ ತರುತ್ತೀರಿ?

ನೆಲಮಹಡಿಯಾದರೆ ಚಿಂತೆ ಇಲ್ಲ. ಪಿಸಿಸಿ, ಅಂದರೆ ನೆಲದ ಕಾಂಕ್ರೀಟ್, ಹಾಕುವ ಮೊದಲು ಮಣ್ಣಿನಲ್ಲೇ ಪೈಪ್ ಇಳಿಸಿ, ನೇರ ಹೊರಗಿನ ಚೇಂಬರ್‌ಗೆ ಕೊಟ್ಟುಬಿಡಬಹುದು. ತಿರುವು ಬರುವ ಕಡೆ ಬರೀ ಬೆಂಡ್ ಹಾಕಬೇಡಿ, ಬಿಚ್ಚಿ ಕ್ಲೀನ್ ಮಾಡುವ ಹಾಗೆ ಡೋರ್ ಬೆಂಡ್ ಹಾಕಿಸಿ, ಅದೂ ಕೈ ಹೋಗುವ ಜಾಗದಲ್ಲಿ. ಟೈಲ್ಸ್ ಕೆಳಗೆ ಹೂತ ಡೋರ್ ಬೆಂಡ್ ಇದ್ದೂ ಒಂದೇ, ಇಲ್ಲದೆಯೂ ಒಂದೇ. ಡಿಸೆಂಬರ್ ಚಳಿಗೆ ತುಪ್ಪ, ಡಾಲ್ಡಾ ಜಿಡ್ಡು ಮಲಗಿರುವ ಪೈಪ್‌ನೊಳಗೆ ಗಟ್ಟಿಯಾಗುತ್ತದೆ, ಅದರ ಮೇಲೆ ಅನ್ನದ ಅಗುಳು ಕೂರುತ್ತದೆ. ಆಗ ಆ ಬಾಗಿಲೇ ಗತಿ.

ಮೇಲ್ಮಹಡಿಯಲ್ಲಿ ಅಡುಗೆಮನೆ ಇದ್ದರೆ, ಮೋಲ್ಡ್ ಆಗಿಹೋಗಿದ್ದರೆ, ನಿಜವಾದ ತಲೆನೋವು ಶುರು. ಬಾತ್‌ರೂಮ್‌ಗೆ ಪೈಪ್ ಕೂರಲು ತಗ್ಗಿಸಿದ ಸಂಕನ್ ಸ್ಲ್ಯಾಬ್ ಬಿಟ್ಟಿರುತ್ತಾರೆ, ಅಡುಗೆಮನೆಗೆ ಸಾಮಾನ್ಯವಾಗಿ ಬಿಟ್ಟಿರುವುದಿಲ್ಲ. ದಾರಿ ಎರಡೇ. ಅಡುಗೆಮನೆ ನೆಲವನ್ನೇ ಎತ್ತರಿಸಬೇಕು, ಆಗ ಬಾಗಿಲಲ್ಲಿ ಒಂದು ಮೆಟ್ಟಿಲು ಬರುತ್ತದೆ, ವಯಸ್ಸಾದವರು ಎಡವುತ್ತಾರೆ. ಇಲ್ಲವಾದರೆ ಸ್ಲ್ಯಾಬ್‌ಗೆ ಕೋರ್ ಕಟಿಂಗ್ ಮಾಡಿ, ಅಂದರೆ ದುಂಡಗೆ ತೂತು ಕೊರೆದು, ಪೈಪನ್ನು ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಓಡಿಸಬೇಕು. ಕೆಳಗಿನ ಕೋಣೆ ಯಾವುದು? ಒಂದು ಮನೆಯಲ್ಲಿ ಸರಿಯಾಗಿ ದೇವರ ಮನೆ. ದೇವರ ತಲೆ ಮೇಲೆ ಮುಸುರೆ ನೀರು ಹರಿಸುವುದಕ್ಕೆ ಯಾವ ಯಜಮಾನರು ಒಪ್ಪುತ್ತಾರೆ? ಅಲ್ಲಿಗೆ ಮಾತು ಮುಗಿಯಿತು, ನಾನೇನೂ ವಾದ ಮಾಡಬೇಕಾಗಲಿಲ್ಲ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಸೀಲಿಂಗ್ ನಿಮ್ಮದೇ ಅಲ್ಲ, ಯೋಚನೆಯನ್ನೇ ಬಿಟ್ಟುಬಿಡಿ. ಐಲ್ಯಾಂಡ್‌ನ ಒಂದು ತುದಿಯನ್ನು ಹೊರಗೋಡೆಗೆ ಅಂಟಿಸಲು ಒಪ್ಪಿದರೆ ಮಾತ್ರ ಈ ತಾಪತ್ರಯ ಇಲ್ಲ, ಪೈಪ್ ಗೋಡೆಯಲ್ಲೇ ಇಳಿಯುತ್ತದೆ. ಮೂರು ಕಡೆಯಿಂದ ಮಾತ್ರ ಓಡಾಡಬಹುದು, ಅಷ್ಟೇ ನಷ್ಟ.

ವಾಸನೆ ವಿಷಯ ಮಾತ್ರ ಯಾರೂ ಮೊದಲೇ ಕೇಳುವುದಿಲ್ಲ. ಸಿಂಕ್ ಕೆಳಗಿನ ಬಾಗಿದ ಪೈಪ್, ಅಂದರೆ ಟ್ರ್ಯಾಪ್‌ನಲ್ಲಿ ಎರಡು ಇಂಚಿನಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿ ಗಾಳಿಯನ್ನೂ ಜಿರಲೆಯನ್ನೂ ಆ ಕಡೆಯೇ ತಡೆಯುವುದು ಆ ನೀರು. ಗೋಡೆ ಪಕ್ಕದ ಸಿಂಕ್ ಆದರೆ ಪೈಪ್‌ಗೆ ಗಾಳಿ ಬರಲು ಗೋಡೆಯಲ್ಲೇ ಮೇಲಕ್ಕೆ ವೆಂಟ್ ಕೊಡಬಹುದು. ಐಲ್ಯಾಂಡ್‌ಗೆ ಗೋಡೆ ಎಲ್ಲಿದೆ? ಸಿಂಕ್ ತುಂಬ ನೀರು ನಿಲ್ಲಿಸಿ ಒಂದೇ ಸಲ ಜಾಲಿ ಎತ್ತಿದರೆ ನೀರು ಪೈಪ್ ತುಂಬ ಓಡುತ್ತಾ ಹಿಂದಿನಿಂದ ಗಾಳಿ ಎಳೆಯುತ್ತದೆ, ಗಾಳಿ ಸಿಗದಿದ್ದರೆ ಟ್ರ್ಯಾಪ್‌ನ ನೀರನ್ನೇ ಗುಳುಗುಳು ಅಂತ ಎಳೆದುಕೊಂಡು ಹೋಗುತ್ತದೆ. ಆಮೇಲೆ ವಾಸನೆ ನೇರ ಹಾಲ್‌ಗೆ. ಇದಕ್ಕೆ ಕೌಂಟರ್ ಕೆಳಗೆ ಏರ್ ಅಡ್ಮಿಟೆನ್ಸ್ ವಾಲ್ವ್ ಹಾಕಬಹುದು, ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಟ್ರ್ಯಾಪ್‌ಗಿಂತ ಮೇಲೆ, ಕೆಟ್ಟರೆ ಬದಲಾಯಿಸಲು ಕೈಗೆ ಸಿಗುವ ಹಾಗೆ ಇರಬೇಕು. ಪ್ಲಂಬರ್ "ಅದೆಲ್ಲ ಬೇಡ ಮೇಡಂ, ಸುಮ್ನೆ ದುಡ್ಡು" ಅಂದು, ಸುರುಳಿ ಪೈಪನ್ನು ನೆಲದ ಪೈಪ್‌ನೊಳಗೆ ತುರುಕಿ ಸುತ್ತ ಸಂದು ಬಿಟ್ಟು ಹೋಗುವುದು ನಮ್ಮಲ್ಲಿ ಮಾಮೂಲಿ. ಬಿಡಬೇಡಿ, ಅಲ್ಲೇ ನಿಂತು ರಬ್ಬರ್ ಹಾಕಿಸಿ ಸೀಲ್ ಮಾಡಿಸಿ.

ಇನ್ನೊಂದು, ಬಳಸದ ಸಿಂಕ್‌ನ ಟ್ರ್ಯಾಪ್ ತಾನಾಗಿಯೇ ಒಣಗುತ್ತದೆ. ಬೇಸಿಗೆಯಲ್ಲಿ ಕೆಲವು ವಾರ ಸಾಕು. ಮಕ್ಕಳ ಹತ್ತಿರ ಅಂತ ಮನೆ ಬೀಗ ಹಾಕಿ ಹೋಗಿ ಬಂದವರು "ಹೊಸ ಮನೆಯಲ್ಲಿ ಏನೋ ಸತ್ತ ವಾಸನೆ" ಅಂತ ನನಗೆ ಫೋನ್ ಮಾಡಿದ್ದಿದೆ. ಇಲಿ ಹುಡುಕಬೇಡಿ, ಐಲ್ಯಾಂಡ್ ಸಿಂಕ್‌ಗೆ ಎರಡು ಚೊಂಬು ನೀರು ಹಾಕಿ ನೋಡಿ ಅಂದೆ. ಅಷ್ಟೇ ಆಗಿತ್ತು.

ಇಷ್ಟೆಲ್ಲ ದಾಟಿ ಹಾಕಿಸುವುದೇ ಆದರೆ, ಐಲ್ಯಾಂಡ್ ನಟ್ಟನಡುವೆ ಮಾತ್ರ ಬೇಡ. ಐಲ್ಯಾಂಡ್ ಆರಡಿ ಉದ್ದ ಇದೆ ಅಂದುಕೊಳ್ಳಿ, ಅಂದರೆ 72 ಇಂಚು. ನಡುವೆ 18 ಇಂಚಿನ ಸಿಂಕ್ ಕೂರಿಸಿದರೆ ಆಚೆ ಈಚೆ 27 ಇಂಚಿನ ಎರಡು ತುಂಡು ಉಳಿಯುತ್ತವೆ, ಚಪಾತಿ ಮಣೆ ಜೊತೆ ಹಿಟ್ಟಿನ ಡಬ್ಬ ಇಟ್ಟರೆ ಮುಗಿಯಿತು. ಅದೇ ಸಿಂಕನ್ನು ಒಂದು ತುದಿಗೆ, ಅಂಚಿಗೆ 4 ಇಂಚು ಕಲ್ಲು ಬಿಟ್ಟು ಕೂರಿಸಿ, 50 ಇಂಚು ಒಂದೇ ಹರವು ಸಿಗುತ್ತದೆ. ಅಮೆರಿಕದ ನ್ಯಾಷನಲ್ ಕಿಚನ್ ಅಂಡ್ ಬಾತ್ ಅಸೋಸಿಯೇಷನ್ ಕೂಡ ಎರಡನೇ ಸಿಂಕ್‌ಗೆ ಒಂದು ಪಕ್ಕ 3 ಇಂಚು, ಇನ್ನೊಂದು ಪಕ್ಕ 18 ಇಂಚು ಇದ್ದರೆ ಸಾಕು ಅನ್ನುತ್ತದೆ. ಇಬ್ಬರು ಅಡುಗೆ ಮಾಡುವ ಕಡೆ ಓಡಾಡಲು 48 ಇಂಚು ಬಿಡಿ ಅಂತಲೂ ಹೇಳುತ್ತದೆ. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ 36 ಸಿಕ್ಕರೆ ಪುಣ್ಯ. ಸಿಂಕ್‌ಗೆ ಅಂತ ಕಲ್ಲು ಕಟ್ ಮಾಡಿದರೆ ಅಂಚಿನಲ್ಲಿ ಉಳಿಯುವ ಸಣ್ಣ ಪಟ್ಟಿ ಸಾಗಿಸುವಾಗ ಮೂಲೆಯಲ್ಲೇ ಬಿರುಕು ಬಿಡುತ್ತದೆ, ಅದಕ್ಕೆ ಕಟಿಂಗ್ ಸೈಟಿಗೆ ಬಂದಮೇಲೆ ಮಾಡಿಸುವುದು ಒಳ್ಳೆಯದು.

ಒಲೆಯೂ ಅದೇ ಐಲ್ಯಾಂಡ್ ಮೇಲಿದ್ದರೆ ಸಿಂಕ್ ಬೇಡವೇ ಬೇಡ. ವಾಸ್ತುನವರು ಅಗ್ನಿ ಪಕ್ಕ ನೀರು ಬೇಡ ಅಂತಾರೆ, ನಾನು ಕಾದ ಎಣ್ಣೆ ಪಕ್ಕ ನೀರು ಬೇಡ ಅಂತೀನಿ. ಇದೊಂದರಲ್ಲಿ ನಮಗೆ ಜಗಳ ಇಲ್ಲ.

ಕಾವೇರಿ ನೀರು ಬಾರದೆ ಬೋರ್ ನೀರೇ ಗತಿ ಆಗಿರುವ ಹೊಸ ಬಡಾವಣೆಗಳಲ್ಲಿ ಕಪ್ಪು ಗ್ರಾನೈಟ್ ಮೇಲೆ ನಲ್ಲಿ ಸುತ್ತ ಬಿಳಿ ಉಪ್ಪು ಕಟ್ಟುತ್ತದೆ. ಚಾಮರಾಜನಗರದ ಕಪ್ಪು ಕಲ್ಲು ನೋಡಲು ಚಂದ, ಆದರೆ ಐಲ್ಯಾಂಡ್ ನಾಲ್ಕೂ ಕಡೆಯಿಂದ ಕಾಣುತ್ತದೆ, ಗೋಡೆ ಮೂಲೆಯಲ್ಲಿದ್ದ ಹಾಗೆ ಮುಚ್ಚಿಹೋಗುವುದಿಲ್ಲ. ಬೂದು ಬಣ್ಣದ ಕಲ್ಲು ತೆಗೆದುಕೊಳ್ಳಿ. ನಲ್ಲಿಯೂ ತೀರಾ ಎತ್ತರದ್ದು ಬೇಡ, ಹಿಂದೆ ಗೋಡೆ ಇಲ್ಲ, ಎದುರು ಕೂತು ಹೋಂವರ್ಕ್ ಮಾಡುವ ಮಗುವಿನ ಪುಸ್ತಕಕ್ಕೆ ಸಿಡಿಯುತ್ತದೆ.

ಈಗಲೇ ತೀರ್ಮಾನ ಮಾಡಲು ಆಗುತ್ತಿಲ್ಲ, ಮನೆ ಇನ್ನೂ ಪಿಸಿಸಿ ಹಂತದಲ್ಲಿದೆ ಅನ್ನುವವರಿಗೆ ನಾನು ಹೇಳುವುದು ಇಷ್ಟು: ವೇಸ್ಟ್ ಪೈಪ್, ನೀರಿನ ಪೈಪ್ ಎರಡನ್ನೂ ಐಲ್ಯಾಂಡ್ ಬರುವ ಜಾಗಕ್ಕೆ ತಂದು ಎಂಡ್ ಕ್ಯಾಪ್ ಹಾಕಿ ಬಿಟ್ಟುಬಿಡಿ. ಆ ಹಂತದಲ್ಲಿ ಅದಕ್ಕೆ ತಗಲುವ ಖರ್ಚು, ಆಮೇಲೆ ಟೈಲ್ಸ್ ಒಡೆಯುವ ಖರ್ಚಿನ ಮುಂದೆ ಏನೂ ಅಲ್ಲ. ನೆಲದ ಪೈಪ್ ಬಾಯಿಗೆ ಗೋಣಿಚೀಲ ತುರುಕಿದರೆ ಆಗದು, ಗಾರೆಯವರ ಸಿಮೆಂಟ್ ಹಾಲೆಲ್ಲ ಒಳಗೆ ಹೋಗಿ ಕೂರುತ್ತದೆ, ಕ್ಯಾಪೇ ಹಾಕಿ. ಮುಚ್ಚುವ ಮುಂಚೆ ಎರಡು ಗೋಡೆಗಳಿಂದ ಟೇಪ್ ಹಿಡಿದು, ಟೇಪ್‌ನ ಅಂಕಿ ಕಾಣುವ ಹಾಗೆ ಫೋಟೋ ತೆಗೆದು, ಮನೆಯವರ ಫೋನಿಗೂ ಕಳಿಸಿ. ಮೇಸ್ತ್ರಿ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಅವರು ಹ್ಯಾಂಡ್‌ಸೆಟ್ ಬದಲಾಯಿಸುತ್ತಲೇ ಇರುತ್ತಾರೆ.