5 ರೂಪಾಯಿ ಕಾಯಿನ್, 20 ಲೀಟರ್ ನೀರು

ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಲ್ಲಿ ಹಲ್ಲು, ಮೂಳೆ ಕೆಡಿಸೋವಷ್ಟು ಫ್ಲೋರೈಡ್ ಇದೆ. ಕುದಿಸಿದ್ರೆ ಹೋಗಲ್ಲ, ಆವಿಯಾದಷ್ಟೂ ಉಳಿದ ನೀರಲ್ಲಿ ಹೆಚ್ಚಾಗುತ್ತೆ. ಕೂಲಿ ಮಾಡೋ ಮನೆಗೆ ಕೈಗೆಟುಕೋದು ಕಾಯಿನ್ ಹಾಕಿ ಕ್ಯಾನ್ ತುಂಬಿಸೋ ಶುದ್ಧ ನೀರಿನ ಘಟಕವೇ.

ಘಟಕ ಕೂರಿಸೋದು ಸುಲಭ, ನಡೆಸೋದೇ ಕಷ್ಟ. ದಿನಕ್ಕೆ 100 ಕ್ಯಾನ್ ಹೋದ್ರೆ 500 ರೂಪಾಯಿ, ತಿಂಗಳಿಗೆ 15,000. ಅದರಲ್ಲೇ ಕರೆಂಟ್, ನೋಡಿಕೊಳ್ಳೋರ ಸಂಬಳ, ಫಿಲ್ಟರ್. ಮೊದಲು ಕತ್ತರಿ ಬೀಳೋದು ಫಿಲ್ಟರಿಗೆ. ಸಣ್ಣ ಮಣ್ಣಿನ ಕಣ ಹಿಡಿಯೋ 5 ಮೈಕ್ರಾನ್ ಕಾರ್ಟ್ರಿಡ್ಜ್ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದ್ರೂ ಬದಲಾಯಿಸಲ್ಲ. ಗಡಸು ನೀರಿನ ಸುಣ್ಣ ಮೆಂಬ್ರೇನ್ (ಫ್ಲೋರೈಡ್ ಸೋಸೋ ತೆಳು ಪೊರೆ) ಮೇಲೆ ಕಟ್ಟದ ಹಾಗೆ ಹಾಕೋ ಆಂಟಿಸ್ಕೇಲೆಂಟ್ ಡಬ್ಬ ಖಾಲಿಯಾಗಿದ್ರೂ ಯಾರೂ ನೋಡಲ್ಲ. ಪ್ರೆಷರ್ ಏರುತ್ತೆ, ನಲ್ಲಿ ಸಣ್ಣಗಾಗುತ್ತೆ, ಕೊನೆಗೆ ಬೀಗ. ಆಗ ಬಡವರು ಮತ್ತೆ ಅದೇ ಬೋರಿಗೆ. ಇದು ನಿಜಕ್ಕೂ ಸಂಕಟದ ವಿಷಯ.

ಕಾಯಿನ್ ದುಡ್ಡಲ್ಲಿ ಕ್ಯಾನಿಗೆ 1 ರೂಪಾಯಿ ಮೆಂಬ್ರೇನಿಗೆ ಅಂತ ಬೇರೆ ಎತ್ತಿಡಿ. ಮರಳಿನ ಫಿಲ್ಟರ್ ದಿನಾ ನೀರು ಉಲ್ಟಾ ಹರಿಸಿ ಬ್ಯಾಕ್‌ವಾಶ್ ಮಾಡಿ. ನೀರಲ್ಲಿ ಕರಗಿದ ಒಟ್ಟು ಲವಣ ಅಳೆಯೋ ಟಿಡಿಎಸ್ ಮೀಟರ್ ಫ್ಲೋರೈಡ್ ಎಷ್ಟು ಅಂತ ಬೇರೆ ತೋರಿಸಲ್ಲ, ಅದಕ್ಕೆ ಬೇರೆ ಕಿಟ್ ಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹೊರಗೆ ಹೋಗೋ ವೇಸ್ಟ್ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ, ಅದನ್ನ ದನಗಳ ತೊಟ್ಟಿಗೆ ಬಿಡಲೇಬೇಡಿ.