ಫೆರೆಟ್ ಸಾಕಬೇಕು, ಎಲ್ಲಿಂದ ಶುರು ಮಾಡೋದು?

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆ ಇದು. "ಮಗಳು ಪೆಟ್ ಅಂಗಡಿಯಲ್ಲಿ ಫೆರೆಟ್ ನೋಡಿದಾಳೆ, ಬೇಕೇ ಬೇಕು ಅಂತ ಹಟ ಹಿಡಿದಿದಾಳೆ. ಯಾವ ಪಂಜರ ತಗೋಬೇಕು, ಮರಿ ಎಲ್ಲಿ ಸಿಗತ್ತೆ?" ನನ್ನ ಉತ್ತರ ಯಾವಾಗಲೂ ಒಂದೇ: ಮರಿ ಕೊನೆಗೆ. ಮೊದಲು ಕಾನೂನು ನೋಡಿ, ಆಮೇಲೆ ವೈದ್ಯರನ್ನು ಹುಡುಕಿ, ಆಮೇಲೆ ಊಟದ ವ್ಯವಸ್ಥೆ, ಆಮೇಲೆ ಕೋಣೆ. ಈ ನಾಲ್ಕೂ ಸರಿಹೋದ ಮೇಲೆ ಮರಿ ತನ್ನಿ.

ಊರಿನ ಹಿರಿಯರು ಫೋಟೊ ನೋಡಿ "ಮುಂಗುಸಿ ಸಾಕ್ತಿದೀರಾ?" ಎನ್ನುತ್ತಾರೆ. ನೋಟಕ್ಕೆ ಹಾಗೇ ಕಂಡರೂ ಫೆರೆಟ್ ನೀರುನಾಯಿಯ ಕುಟುಂಬಕ್ಕೆ ಸೇರಿದ್ದು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು 2000 ವರ್ಷಗಳಿಗೂ ಹಿಂದೆ ಪಳಗಿಸಿ, ಬಿಲದಿಂದ ಮೊಲಗಳನ್ನು ಹೊರಗೋಡಿಸಲು ಬಳಸುತ್ತಾ ಬಂದರು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಈಗಲೂ ಆ ಬಳಕೆ ಇದೆ. ಮುಂಗುಸಿ ಬೇರೆಯೇ ಕುಟುಂಬ, ಜೊತೆಗೆ ನಮ್ಮಲ್ಲಿ ಅದು ಕಾನೂನಿನ ರಕ್ಷಣೆಯಿರುವ ವನ್ಯಜೀವಿ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. ಗಂಡು ಫೆರೆಟ್ 1ರಿಂದ 2 ಕೆಜಿ, ಹೆಣ್ಣು ಅರ್ಧದಿಂದ 1 ಕೆಜಿ ತೂಗುತ್ತದೆ. ಆಯಸ್ಸು ಸಾಮಾನ್ಯವಾಗಿ 6ರಿಂದ 8 ವರ್ಷ.

ಇನ್ನು ಕಾನೂನು. ನಮ್ಮವರು ಕಿಕ್ಕಿರಿದಿರುವ ಕ್ಯಾಲಿಫೋರ್ನಿಯಾದಲ್ಲೇ ಫೆರೆಟ್ ಸಾಕುವುದು ನಿಷಿದ್ಧ. ಹವಾಯಿಯಲ್ಲೂ ಅಷ್ಟೇ. ನ್ಯೂಯಾರ್ಕ್ ರಾಜ್ಯದಲ್ಲಿ ಸಾಕಬಹುದು, ಆದರೆ ನ್ಯೂಯಾರ್ಕ್ ನಗರದ ಮಿತಿಯೊಳಗೆ ಸಾಕುವಂತಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನಿಷೇಧ, ನ್ಯೂಜಿಲೆಂಡಿನಲ್ಲೂ ನಿಷೇಧ. ಕೆಲವು ರಾಜ್ಯಗಳಲ್ಲಿ ಪರವಾನಗಿ ಬೇಕು. ಬಾಡಿಗೆ ಕರಾರಿನಲ್ಲಿ "ನಾಯಿ, ಬೆಕ್ಕು ಇರಬಹುದು" ಎಂದಿದ್ದರೆ ಫೆರೆಟ್ಟಿಗೂ ಒಪ್ಪಿಗೆ ಇದೆ ಎಂದುಕೊಳ್ಳಬೇಡಿ, ಬರಹದಲ್ಲಿ ಕೇಳಿ ಪಡೆಯಿರಿ. ಎರಡು ಮೂರು ವರ್ಷದಲ್ಲಿ ಬೆಂಗಳೂರಿಗೆ ವಾಪಸಾಗುವ ಯೋಚನೆ ಇರುವವರಿಗೆ ನನ್ನ ಸಲಹೆ: ಬೇಡ. ಭಾರತಕ್ಕೆ ಮರಳುವವರು ತಮ್ಮ ಸಾಕುಪ್ರಾಣಿಯನ್ನು ಜೊತೆಗೆ ತರುವ ನಿಯಮ ಇರುವುದು ನಾಯಿ ಮತ್ತು ಬೆಕ್ಕಿಗಾಗಿ. ಇನ್ನು ಸೆಕೆ. 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫೆರೆಟ್ಟಿಗೆ ಅಪಾಯ, ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. ನಮ್ಮ ಏಪ್ರಿಲ್‌ನಲ್ಲಿ ಕರೆಂಟ್ ಹೋದ ಒಂದು ಮಧ್ಯಾಹ್ನ ಸಾಕು.

ವೈದ್ಯರ ವಿಷಯಕ್ಕೆ ಬಂದರೆ, ಎಲ್ಲ ಪಶುವೈದ್ಯರೂ ಫೆರೆಟ್ ನೋಡುವುದಿಲ್ಲ. ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಫೆರೆಟ್ಟಿಗೆ ಶಸ್ತ್ರಚಿಕಿತ್ಸೆ ಮಾಡುತ್ತೀರಾ? ರಾತ್ರಿ ತುರ್ತು ಬಂದರೆ ಎಲ್ಲಿಗೆ ಹೋಗಬೇಕು? ಉತ್ತರ ತೊದಲಿದರೆ ಬೇರೆಯವರನ್ನು ಹುಡುಕಿ. ಲಸಿಕೆ ಎರಡು: ಡಿಸ್ಟೆಂಪರ್ ಮತ್ತು ರೇಬಿಸ್. ಡಿಸ್ಟೆಂಪರ್ ನಾಯಿಗಳಿಂದ ಬರುವ ವೈರಸ್, ತಗುಲಿದ ಫೆರೆಟ್ ಉಳಿಯುವುದು ಇಲ್ಲವೆಂದೇ ಹೇಳಬೇಕು. ಮರಿಗೆ ಸುಮಾರು 8 ವಾರದಿಂದ ಶುರುವಾಗಿ ಕೆಲವು ವಾರಗಳ ಅಂತರದಲ್ಲಿ ಮೂರು ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ. ಚುಚ್ಚಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂತಿರಿ. ಕೆಲವಕ್ಕೆ ಲಸಿಕೆ ಒಗ್ಗದೆ ವಾಂತಿ ಶುರುವಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಆಗ ವೈದ್ಯರು ಕೈಗೆಟಕುವಷ್ಟು ಹತ್ತಿರ ಇರಬೇಕು.

ನಮ್ಮ ಫ್ಲೂ ಫೆರೆಟ್ಟಿಗೂ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆ್ಯಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಮನುಷ್ಯರ ಫ್ಲೂ ವೈರಸ್ಸನ್ನು ಗುರುತಿಸಿದ್ದೇ ಫೆರೆಟ್ಟುಗಳಿಗೆ ಅದನ್ನು ಸೋಂಕಿಸಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು ಇದ್ದರೆ ಆ ವಾರ ಫೆರೆಟ್ಟಿನ ಊಟ, ಆಟ ಬೇರೆಯವರು ನೋಡಿಕೊಳ್ಳಲಿ.

ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮರಿಗಳಿಗೆ ಸಂತಾನಹರಣ ಮೊದಲೇ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿಯವರು ಇದನ್ನು ಗಮನವಿಟ್ಟು ಓದಿ. ಹೆಣ್ಣು ಫೆರೆಟ್ ವಸಂತದಲ್ಲಿ ಬೆದೆಗೆ ಬಂದರೆ, ಗಂಡು ಕೂಡದ ಹೊರತು ಬೆದೆ ಇಳಿಯುವುದೇ ಇಲ್ಲ. ತಿಂಗಳುಗಟ್ಟಲೆ ಈಸ್ಟ್ರೋಜನ್ ಏರಿಕೊಂಡೇ ಇದ್ದು ಮೂಳೆಯ ಮಜ್ಜೆಯಲ್ಲಿ ರಕ್ತ ತಯಾರಾಗುವುದು ಕುಂಠಿತವಾಗುತ್ತದೆ, ಪ್ರಾಣಿ ರಕ್ತಹೀನತೆಯಿಂದ ಸಾಯುತ್ತದೆ. ಆದ್ದರಿಂದ ಬೆದೆಗೆ ಮುಂಚೆಯೇ ಹಾರ್ಮೋನ್ ತಡೆಯುವ ಇಂಪ್ಲಾಂಟ್ ಅಥವಾ ಚುಚ್ಚುಮದ್ದಿನ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಸಂತಾನಹರಣ ಬಲು ಬೇಗ ಆದವಕ್ಕೆ ಬೇರೆ ತೊಂದರೆ ಇದೆ: ಮೂರು ವರ್ಷ ದಾಟಿದ ಮೇಲೆ ಅಡ್ರಿನಲ್ ಗ್ರಂಥಿ ಕೆಡುವ ಸಂಭವ ಹೆಚ್ಚು. ಬಾಲದ ಬುಡದಿಂದ ಕೂದಲು ಉದುರಲು ಶುರುವಾದರೆ ಅದೇ ಮೊದಲ ಸುಳಿವು. ಗಂಡಿಗೆ ಮೂತ್ರ ಕಟ್ಟಿದರೆ ಒಂದು ಗಂಟೆಯನ್ನೂ ಕಾಯಬಾರದು.

ಊಟ. ಫೆರೆಟ್ ಅಪ್ಪಟ ಮಾಂಸಾಹಾರಿ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊಟ್ಟೆ ದಾಟಿ ಹೊರಗೆ ಬಂದಿರುತ್ತದೆ. ಕರುಳು ಅಷ್ಟು ಗಿಡ್ಡ. ಕಾಳು, ಸೊಪ್ಪು, ಅನ್ನ ಜೀರ್ಣವಾಗಲು ಅಲ್ಲಿ ವ್ಯವಧಾನವೇ ಇಲ್ಲ. ಪೊಟ್ಟಣದ ಹಿಂಬದಿ ಓದಿ: ಪ್ರೋಟೀನ್ ಕನಿಷ್ಠ 35 ಶೇಕಡ, ಕೊಬ್ಬು 15ರಿಂದ 20 ಶೇಕಡ, ನಾರಿನಂಶ 3 ಶೇಕಡಕ್ಕಿಂತ ಕಡಿಮೆ ಇರಬೇಕು. ಪಟ್ಟಿಯ ಮೊದಲ ಹೆಸರುಗಳು ಕೋಳಿ, ಟರ್ಕಿಯಂಥ ಮಾಂಸವಾಗಿರಬೇಕು. ಜೋಳ, ಬಟಾಣಿ ಮೇಲಿದ್ದರೆ ಆ ಪೊಟ್ಟಣ ಬೇಡ. ನಾಯಿಯ ಊಟ ನಡೆಯುವುದಿಲ್ಲ. ಫೆರೆಟ್ ಊಟ ತೀರಿ ಹೋದರೆ ಒಳ್ಳೆಯ ಬೆಕ್ಕಿನ ಮರಿಯ ಊಟ ಒಂದೆರಡು ದಿನಕ್ಕೆ ಪರವಾಗಿಲ್ಲ. ಬಟ್ಟಲು ದಿನವಿಡೀ ತುಂಬಿರಲಿ, ಅದು ಹೊತ್ತು ಹೊತ್ತಿಗೆ ಚೂರು ಚೂರೇ ತಿನ್ನುತ್ತದೆ. ಬ್ರ್ಯಾಂಡ್ ಬದಲಿಸುವುದಿದ್ದರೆ ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ 10 ದಿನ ತೆಗೆದುಕೊಳ್ಳಿ. ಮರಿಯಾಗಿದ್ದಾಗ ಪರಿಚಯವಾಗದ ರುಚಿಯನ್ನು ದೊಡ್ಡದಾದ ಮೇಲೆ ಅದು ಊಟವೆಂದೇ ಒಪ್ಪುವುದಿಲ್ಲ, ಹಾಗಾಗಿ ಆರು ತಿಂಗಳೊಳಗೆ ಎರಡು ಮೂರು ಬಗೆ ರೂಢಿಸಿ.

"ನಾವು ಸಸ್ಯಾಹಾರಿಗಳು, ಸಾಕಬಹುದಾ?" ಪೊಟ್ಟಣದ ಒಣ ಊಟ ಮುಟ್ಟಲು ನಿಮಗೆ ಅಡ್ಡಿಯಿಲ್ಲದಿದ್ದರೆ ಸಾಕಬಹುದು. ಅದಕ್ಕೂ ಮುಜುಗರವಾದರೆ ಮೊಲ ಸಾಕಿ, ಅದು ನಿಮ್ಮ ಮನೆಯ ಪ್ರಾಣಿ. ಬಾಳೆಹಣ್ಣು, ಒಣದ್ರಾಕ್ಷಿ, ಹಾಲು, ಬಿಸ್ಕತ್ತು, ಮಕ್ಕಳು ಪ್ರೀತಿಯಿಂದ ಕೊಡುವ ಚಪಾತಿಯ ಚೂರು, ಯಾವುದೂ ಬೇಡ. ಸಿಹಿ ಅದಕ್ಕೆ ಬಲು ಇಷ್ಟ, ಅದೇ ಕಷ್ಟ.

ಕೋಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಹೆಚ್ಚು ಅನಾಹುತ ಆಗುವುದು ಇಲ್ಲೇ. ದಿನಕ್ಕೆ ನಾಲ್ಕು ಗಂಟೆಯಾದರೂ ಫೆರೆಟ್ ಪಂಜರದ ಹೊರಗೆ ಓಡಾಡಬೇಕು. ಉಳಿದ ಹೊತ್ತು ಹೆಚ್ಚಾಗಿ ನಿದ್ದೆ, ದಿನಕ್ಕೆ 14ರಿಂದ 18 ಗಂಟೆ. ನೆಲದ ಮೇಲೆ ಮಲಗಿ, ಅದರ ಕಣ್ಣಿನ ಮಟ್ಟದಿಂದ ಕೋಣೆ ನೋಡಿ. ತಲೆ ತೂರುವ ಸಂದಿಯಲ್ಲಿ ಮೈಯೂ ತೂರುತ್ತದೆ. ಫ್ರಿಜ್‌ನ ಹಿಂದೆ, ಪಾತ್ರೆ ತೊಳೆಯುವ ಮೆಷಿನ್‌ನ ಕೆಳಗೆ, ಅಡುಗೆಮನೆ ಕಪಾಟಿನ ಬುಡದಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಿದ್ದರೂ ಹಲಗೆ ಹೊಡೆಯಿರಿ. ಹಿಂದಕ್ಕೆ ಒರಗುವ ರಿಕ್ಲೈನರ್ ಕುರ್ಚಿ ಆ ಕೋಣೆಯಲ್ಲಿ ಇರಲೇಬಾರದು. ಅದರೊಳಗಿನ ಕಬ್ಬಿಣದ ಮಡಿಕೆಯಲ್ಲಿ ಬೆಚ್ಚಗೆ ಮಲಗಿರುವಾಗ ಯಾರೋ ಕಾಲು ಚಾಚಲು ಕುರ್ಚಿಯ ಹಿಡಿಕೆ ಎಳೆದರೆ ಮುಗಿಯಿತು. ವಾಷಿಂಗ್ ಮೆಷಿನ್ ಹಾಕುವ ಮುನ್ನ ಬಟ್ಟೆ ಒಂದೊಂದಾಗಿ ತೆಗೆದು ನೋಡಿ.

ಎರಡನೇ ಶತ್ರು ರಬ್ಬರ್. ಹವಾಯಿ ಚಪ್ಪಲಿ, ಇಯರ್‌ಫೋನಿನ ಮೆತ್ತೆ, ರಿಮೋಟಿನ ಗುಂಡಿ, ಸೋಫಾದ ಸ್ಪಂಜು, ಎಲ್ಲವನ್ನೂ ಕಚ್ಚಿ ನುಂಗುತ್ತದೆ. ಅದು ಕರುಳಿಗೆ ಸಿಕ್ಕಿಕೊಂಡರೆ ಊಟ ಬಿಡುತ್ತದೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ವಾಂತಿ ಮಾಡುತ್ತದೆ, ಮಲ ಟಾರಿನಂತೆ ಕಪ್ಪಾಗುತ್ತದೆ. ಆಗ ಉಳಿದ ದಾರಿ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ, ಅಮೆರಿಕದಲ್ಲಿ ಅದಕ್ಕೆ ಸಾವಿರ ಡಾಲರಿಗೂ ಮೇಲೆ ಬೇಕಾಗುತ್ತದೆ.

ಪಂಜರ ಸುಲಭ. ಎರಡು ಮೂರು ಅಂತಸ್ತು, ಸರಳುಗಳ ನಡುವೆ ಒಂದು ಅಂಗುಲಕ್ಕಿಂತ ಹೆಚ್ಚು ಬಿಡುವಿರಬಾರದು, ತಳ ತಂತಿಯಾಗಿರದೆ ಗಟ್ಟಿಯಾಗಿರಬೇಕು. ಎತ್ತರದ ಅಂದಾಜು ಫೆರೆಟ್ಟಿಗೆ ಕಡಿಮೆ, ಆದ್ದರಿಂದ ಏಣಿಯ ಬಾಯಿ ಇರುವಲ್ಲೆಲ್ಲಾ ಕೆಳಗೆ ಬಟ್ಟೆಯ ಜೋಲಿ ಕಟ್ಟಿ. ಬಿದ್ದರೆ ಹಿಡಿಯುತ್ತದೆ, ಮಲಗಲೂ ಆಗುತ್ತದೆ. ಲಿಟರ್ ಬಾಕ್ಸಿಗೆ ಕಾಗದದ ಉಂಡೆಗಳನ್ನು ಹಾಕಿ. ಬೆಕ್ಕಿಗೆ ಹಾಕುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣು ಬೇಡ. ಮೂಲೆಗೆ ಹಿಂದೆ ಸರಿದು ಮಲ ಹಾಕುವುದು ಅದರ ಸ್ವಭಾವ, ಆದ್ದರಿಂದ ಅದು ಆರಿಸಿಕೊಂಡ ಮೂಲೆಗೇ ಬಾಕ್ಸ್ ಇಡಿ. ಬೆಕ್ಕಿನಷ್ಟು ಶಿಸ್ತು ನಿರೀಕ್ಷಿಸಬೇಡಿ.

ವಾಸನೆ ಬರುತ್ತದೆಂದು ವಾರ ವಾರ ಸ್ನಾನ ಮಾಡಿಸುವವರಿದ್ದಾರೆ. ಇದರಿಂದ ವಾಸನೆ ಹೆಚ್ಚಾಗುತ್ತದೆ, ಏಕೆಂದರೆ ತೊಳೆದುಹೋದ ಎಣ್ಣೆಯ ಬದಲಿಗೆ ಚರ್ಮ ಇನ್ನೂ ಹೆಚ್ಚು ಎಣ್ಣೆ ಸುರಿಸುತ್ತದೆ. ಮೈ ಬಿಟ್ಟು ಹಾಸಿಗೆ ಬಟ್ಟೆ ತೊಳೆಯಿರಿ, ವಾರಕ್ಕೊಮ್ಮೆ. ಸ್ನಾನ ಎರಡು ಮೂರು ತಿಂಗಳಿಗೊಮ್ಮೆ ಆದರೂ ಸಾಕು.

ಈಗ ಮರಿ. ಮೊದಲ ಸಲ ಸಾಕುವವರು ಆಶ್ರಯಧಾಮದಿಂದ ಒಂದೆರಡು ವರ್ಷದ ಜೋಡಿಯನ್ನು ತರುವುದು ಒಳ್ಳೆಯದು. ಒಂಟಿಯಾದದ್ದು ಬೇಸರದಿಂದ ಕುಗ್ಗುತ್ತದೆ. ಮರಿಯೇ ಬೇಕೆಂದರೆ ಮೊದಲ ಎರಡು ತಿಂಗಳು ಕೈ ಕಚ್ಚಿಸಿಕೊಳ್ಳಲು ಸಿದ್ಧರಾಗಿ. ಅವುಗಳ ಚರ್ಮ ದಪ್ಪ, ಒಡಹುಟ್ಟಿದವು ಪರಸ್ಪರ ಜೋರಾಗಿ ಕಚ್ಚಿದರೂ ನೋವಾಗುವುದಿಲ್ಲ. ನಮ್ಮ ಚರ್ಮ ತೆಳು ಎಂದು ಅದಕ್ಕೆ ಗೊತ್ತಿಲ್ಲ. ಹೊಡೆಯಬೇಡಿ, ಹೊಡೆದರೆ ಹೆದರಿ ಇನ್ನೂ ಬಲವಾಗಿ ಕಚ್ಚುತ್ತದೆ. ಹಿಂಗತ್ತಿನ ಸಡಿಲ ಚರ್ಮ ಹಿಡಿದೆತ್ತಿ, ಒಂದೇ ಪದದಲ್ಲಿ "ಬೇಡ" ಎಂದು, ಚಿಕ್ಕ ಪೆಟ್ಟಿಗೆಯಲ್ಲಿ ಮೂರು ನಿಮಿಷ ಬಿಡಿ. ಪಂಜರಕ್ಕೆ ಹಾಕಬೇಡಿ, ಪಂಜರ ಶಿಕ್ಷೆಯ ಜಾಗವಾಗಬಾರದು. ಮನೆಯಲ್ಲಿ ಗಿಣಿ, ಮೊಲ, ಹ್ಯಾಮ್‌ಸ್ಟರ್ ಇದ್ದರೆ ಒಟ್ಟಿಗೆ ಬಿಡುವ ಆಲೋಚನೆಯನ್ನೇ ಬಿಡಿ.

ಉಗುರು ಎರಡು ವಾರಕ್ಕೊಮ್ಮೆ ಕತ್ತರಿಸಬೇಕು. ಮಡಿಲಲ್ಲಿ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಸಾಲ್ಮನ್ ಮೀನೆಣ್ಣೆಯ ಎರಡು ಹನಿ ಬಿಡಿ. ಅದು ಕತ್ತು ಬಗ್ಗಿಸಿ ನೆಕ್ಕುತ್ತಾ ಇರುವಷ್ಟರಲ್ಲಿ, ಉಗುರಿನೊಳಗೆ ಕಾಣುವ ಕೆಂಪು ಗೆರೆಯನ್ನು ಮುಟ್ಟದಂತೆ ತುದಿ ಮಾತ್ರ ತೆಗೆಯಿರಿ.

ಮೊದಲ ವಾರದಲ್ಲೇ ನಿಮ್ಮ ಎದೆ ಧಸಕ್ಕೆನ್ನುವ ಒಂದು ಸಂಗತಿ ಆಗಬಹುದು. ಜೋಲಿಯಿಂದ ಎತ್ತಿದರೆ ಪ್ರಾಣಿ ಒದ್ದೆ ಬಟ್ಟೆಯಂತೆ ಜೋತು ಬೀಳುತ್ತದೆ, ಕರೆದರೂ ಏಳುವುದಿಲ್ಲ. ಸತ್ತಿತೆಂದು ಅತ್ತವರಿದ್ದಾರೆ. ಅಷ್ಟು ಗಾಢ ನಿದ್ದೆ ಫೆರೆಟ್ಟಿಗೆ ಸಹಜ. ಮೈ ಬೆಚ್ಚಗಿದೆಯೇ, ಉಸಿರಾಡುತ್ತಿದೆಯೇ, ಒಸಡು ಗುಲಾಬಿ ಬಣ್ಣಕ್ಕಿದೆಯೇ ನೋಡಿ, ಬೆನ್ನು ಸವರುತ್ತಾ ಇರಿ. ಒಂದೆರಡು ನಿಮಿಷದಲ್ಲಿ ಆಕಳಿಸಿ ಕಣ್ಣು ಬಿಡುತ್ತದೆ. ಹಾಗಾಗದೆ ಜೊಲ್ಲು ಸುರಿಸುತ್ತಿದ್ದರೆ, ಕಣ್ಣು ತೆರೆದಿದ್ದೂ ಶೂನ್ಯ ದಿಟ್ಟಿಸುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ ಅದು ರಕ್ತದಲ್ಲಿ ಸಕ್ಕರೆ ಇಳಿದದ್ದು. ಮೂರು ನಾಲ್ಕು ವರ್ಷ ದಾಟಿದವುಗಳಲ್ಲಿ ಮೇದೋಜೀರಕ ಗ್ರಂಥಿಯ ಗೆಡ್ಡೆಯಿಂದ ಹೀಗಾಗುವುದು ಸಾಮಾನ್ಯ. ಬೆರಳ ತುದಿಯಲ್ಲಿ ಚೂರು ಜೇನು ತೆಗೆದು ಒಸಡಿಗೆ ಸವರಿ, ಗಂಟಲಿಗೆ ಸುರಿಯಬೇಡಿ. ಎಚ್ಚರಾಗಿ ನುಂಗುವಂತಾದ ಕೂಡಲೇ ಮಾಂಸದ ಊಟ ತಿನ್ನಿಸಿ, ಇಲ್ಲದಿದ್ದರೆ ಸಕ್ಕರೆ ಮತ್ತೆ ಇಳಿಯುತ್ತದೆ. ಆಮೇಲೆ, ಮೊದಲೇ ನಂಬರ್ ಬರೆದಿಟ್ಟುಕೊಂಡಿದ್ದ ಆ ವೈದ್ಯರ ಬಳಿಗೆ ನೇರ ಹೊರಡಿ.